ಹತ್ತಬಾರದಿದ್ದ ಬೆಂಕಿ

ಈ ಕಥೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದನ್ನು ಕೇಳಿದ್ದೇನೆ. ವಿವರಗಳು ಅಲ್ಲಲ್ಲಿ ಬೇರೆ... ರೊಟ್ಟಿಯ ಮಾತು ಮಾತ್ರ ಎರಡರಲ್ಲೂ ಒಂದೇ.

ವಾಗ್ದೇವಿ ಎಂಬ ಸಂಶೋಧಕಿ. ಎಂಜಿನ್ನಿನೊಳಗೆ ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಯಲ್ಲಿ ಇಂಧನ ಹೇಗೆ ಬೆರೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಚಿತ್ರವಾಗಿ ತೋರಿಸುವುದು ಅವಳ ಕೆಲಸ.

ಬೆರೆಯಲು ಇಂಧನಕ್ಕೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಕಾಲವೂ ಅಲ್ಲ... ಬೆರೆಯದಿದ್ದರೆ ಬೆಂಕಿ ಹತ್ತದು. ಹತ್ತದಿದ್ದರೆ ಎಂಜಿನ್ನೇ ಇಲ್ಲ.

ಅದೇ ಪ್ರಯೋಗಾಲಯದ ಈರಣ್ಣ, ಬಾದಾಮಿ ಕಡೆಯವನು, ಇಂಧನ ಚಿಮ್ಮಿಸುವ ಹೊಸ ನಳಿಕೆಯೊಂದನ್ನು ರೂಪಿಸಿದ್ದ. ಅದು ಒಪ್ಪಿಗೆಯಾದರೆ ಅವನ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ವಾಗ್ದೇವಿಯ ಚಿತ್ರದಲ್ಲಿ ಇಂಧನ ನೇರ ಗೆರೆಯಂತೆ ಸಾಗಿಹೋಯಿತು, ಬೆರೆಯಲಿಲ್ಲ. ಅವಳು ಹಾಗೆಂದೇ ವರದಿ ಕೊಟ್ಟಳು.

ಆದರೆ ಪರೀಕ್ಷೆಯಲ್ಲಿ ಬೆಂಕಿ ಹತ್ತಿತು...

ಬೆಂಕಿಯನ್ನು ಗುರುತಿಸುವ ಸೆನ್ಸರ್ ಕೆಟ್ಟಿರಬೇಕು ಎಂದರು ಹಿರಿಯರು. ಅದನ್ನು ಬದಲಾಯಿಸಿದರು. ಮತ್ತೆ ಹತ್ತಿತು. ಕಾರಣ ತಿಳಿಯದ ಬೆಂಕಿಯನ್ನು ನಂಬುವುದು ಹೇಗೆ, ವಾಗ್ದೇವಿಯ ವರದಿಯನ್ನೇ ಒಪ್ಪೋಣ ಎಂದರು.

ಅವಳಿಗೆ ದಿಕ್ಕೇ ತೋಚಲಿಲ್ಲ. ಸಮೀಕರಣ ಸರಿ, ವೇಗ ಸರಿ, ಒತ್ತಡ ಸರಿ... ಹಾಗಾದರೆ ತಪ್ಪಿದ್ದು ಬೆಂಕಿಯೋ, ತಾನೋ?

ನಿರ್ಧಾರದ ಸಭೆಯ ದಿನ ಬೆಳಿಗ್ಗೆ ಈರಣ್ಣ ಅವಳ ಮೇಜಿನ ಬಳಿ ಬಂದ. ಜಗಳಕ್ಕಲ್ಲ. ತನ್ನ ನಳಿಕೆ ಎಲ್ಲಿ ಸೋತಿತೆಂದು ಒಮ್ಮೆ ತೋರಿಸಬೇಕೆಂದು ಕೇಳಿಕೊಂಡ.

ಅವಳು ಪರದೆಯ ಮೇಲೆ ಬೆರಳಿಟ್ಟು ವಿವರಿಸತೊಡಗಿದಳು.

"ನೋಡಿ, ಗಾಳಿ ನುಗ್ಗೋ ಕೊಳವೆಯ ಈ ಎಡಭಾಗ ನಾನು ಲೆಕ್ಕ ಹಾಕಿದ್ದು. ಬಲಭಾಗ ಅದರದೇ ಪ್ರತಿಬಿಂಬ. ಎರಡೂ ಕಡೆ ಒಂದೇ ಥರ ಇರುತ್ತಲ್ಲ... ಅದಕ್ಕೆ ಅರ್ಧ ಮಾತ್ರ ಮಾಡ್ತೀವಿ, ಸಮಯ ಉಳಿಯುತ್ತೆ."

ಹೇಳುತ್ತ ಹೇಳುತ್ತ ಅವಳ ಬೆರಳು ನಡುಗೆರೆಯ ಮೇಲೆ ನಿಂತಿತು. ಆ ಗೆರೆಯನ್ನು ದಾಟಿ ಇಂಧನ ಆಚೆಗೆ ಹೋಗುವಂತೆಯೇ ಇರಲಿಲ್ಲ... ಹೋಗದಂತೆ ಮಾಡಿದ್ದವಳು ತಾನೇ.

ಈರಣ್ಣ ಮೆಲ್ಲಗೆ ಅಂದ: "ಒಂದ ಮಗ್ಗಲಾ ನೋಡಿ ರೊಟ್ಟಿ ಬೆಂದಿಲ್ಲ ಅಂದಂಗಾತಲ್ರಿ, ಮೇಡಂ."

ಸಭೆಯಲ್ಲಿ ಅವಳು ವರದಿಯನ್ನು ಹಿಂದಕ್ಕೆ ಪಡೆದಳು. ಹಾಗಾದರೆ ನಳಿಕೆ ಸರಿಯಿದೆಯೇ ಎಂದು ಹಿರಿಯರು ಕೇಳಿದರು.

"ಗೊತ್ತಿಲ್ಲ ಸರ್. ನಾನು ಅರ್ಧ ಮಾತ್ರ ನೋಡಿದ್ದೆ. ಇನ್ನರ್ಧ ನೋಡೋವರೆಗೂ ಈರಣ್ಣ ಅವರನ್ನ ಕೆಲಸದಿಂದ ಕಳಿಸಬೇಡಿ."

ಇಡೀ ಕೊಳವೆಯ ಲೆಕ್ಕಕ್ಕೆ ವಾರಗಳೇ ಹಿಡಿದವು. ಕೊನೆಗೊಂದು ಮಧ್ಯಾಹ್ನ, ಪರದೆಯ ಮೇಲೆ ಇಂಧನದ ಧಾರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಸುವಿನ ಬಾಲದಂತೆ ಬೀಸಿತು... ಬೀಸಿದಲ್ಲೆಲ್ಲ ಗಾಳಿಯೊಡನೆ ಬೆರೆಯಿತು.

ಈರಣ್ಣ ಬಹಳ ಹೊತ್ತು ನೋಡಿದ. ಕಣ್ಣೊರೆಸಿಕೊಂಡ. ಊಟದ ಡಬ್ಬಿ ಬಿಚ್ಚಿ ರೊಟ್ಟಿಯೊಂದನ್ನು ಅವಳ ಮುಂದಿಟ್ಟ.

ಅವಳು ಮೊದಲು ಅದನ್ನು ಮಗುಚಿ ನೋಡಿದಳು... ಆಮೇಲೆ ಮುರಿದಳು.

ಧಾರೆ ಮೊದಲು ಎಡಕ್ಕೇ ಏಕೆ ವಾಲಿತು? ಅದು ಮಾತ್ರ ಇಂದಿಗೂ ಅವಳಿಗೆ ತಿಳಿದಿಲ್ಲವಂತೆ.

ಕಂಡ ಅರ್ಧದ ಪ್ರತಿಬಿಂಬವನ್ನೇ ಕಾಣದ ಅರ್ಧವೆಂದು ನಂಬಬೇಡಿ.

ನೀವು ಈಗಾಗಲೇ ತೀರ್ಪು ಕೊಟ್ಟುಬಿಟ್ಟಿರುವ ಆ ಒಬ್ಬರ ಇನ್ನೊಂದು ಮಗ್ಗುಲನ್ನು... ನಿಜವಾಗಿ ನೋಡಿದ್ದೀರಾ?