ಸ್ಟಾರ್ಟ್ ಆಗುವ ಸದ್ದು

“ಗಾಡಿ ಇನ್ನೂ ಸ್ಟಾರ್ಟ್ ಮಾಡಿಲ್ವೇನಮ್ಮ?” ಎಂದು ಅತ್ತೆ ಒಳಕೋಣೆಯಿಂದ ಕೇಳಿದಾಗ ಸೊಸೆ ಕಿಟಕಿಯ ಬಳಿ ನಿಂತಿದ್ದಳು. ಮಾವನನ್ನು ಒಯ್ಯಲು ಬಂದಿದ್ದ ಶವವಾಹನ ಅಂಗಳದಲ್ಲಿ ಇರಲಿಲ್ಲ.

ಅದು ಹೊಸ ಎಲೆಕ್ಟ್ರಿಕ್ ಗಾಡಿ. ಬೆಳಿಗ್ಗೆ ಅದರ ಬಗ್ಗೆಯೇ ಅಂಗಳದಲ್ಲಿ ವಾದ ನಡೆದಿತ್ತು. “ಬಸ್ ಡಿಪೋದಲ್ಲಿ ಮೂವತ್ತು ವರ್ಷ ಹೊಗೆ ಕುಡಿದೇ ಅಪ್ಪ ಹೋದ್ರು. ಕೊನೇ ಸವಾರಿಯಾದ್ರೂ ಹೊಗೆ ಇಲ್ದೆ ಆಗ್ಲಿ,” ಎಂದಿದ್ದ ಮಗ. “ಅರ್ಧ ದಾರೀಲಿ ಚಾರ್ಜ್ ಮುಗಿದ್ರೆ ಮಾವನೇ ಎದ್ದು ತಳ್ಬೇಕೇನಪ್ಪ?” ಎಂದು ಅಳಿಯ ಕೇಳಿದಾಗ ಅಳುತ್ತಿದ್ದವರೂ ನಕ್ಕುಬಿಟ್ಟಿದ್ದರು.

ಅತ್ತೆ ಮಾತ್ರ ಗಂಡನ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಒಳಗೇ ಕೂತಿದ್ದರು. “ಮೊದಲೇ ಹೊರಗೆ ಬಂದು ಕೂತ್ರೆ ನಂಗೆ ಅವರನ್ನ ಬಿಟ್ಟುಕೊಡೋಕಾಗಲ್ಲ. ಎಂಜಿನ್ ಸದ್ದು ಕೇಳಿದ ತಕ್ಷಣ ಎದ್ದು ಬಂದು ಇದನ್ನ ಹೊದಿಸ್ತೀನಿ,” ಎಂದು ಸೊಸೆಗೆ ಹೇಳಿದ್ದರು. ಸೊಸೆಯೂ ಅವರ ಜೊತೆಗೇ ಕೂತು ಆ ಸದ್ದಿಗೆ ಕಾದಿದ್ದಳು. ಈ ಗಾಡಿ ಸದ್ದು ಮಾಡುವುದಿಲ್ಲ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಅತ್ತೆಗೆ ನೋಡಲಾಗದೇನೋ ಎಂದುಕೊಂಡು ಹೊರಗಿನವರು ಕರೆಯದೆಯೇ ಹೊರಟುಬಿಟ್ಟಿದ್ದರು.

ಈಗಷ್ಟೇ ಅವಳು ಗಂಡನಿಗೆ ಫೋನ್ ಮಾಡಿದ್ದಳು. “ಅಪ್ಪನ್ನ ಚಿತಾಗಾರದ ಒಳಗೆ ತಗೊಂಡು ಬಾಗಿಲು ಹಾಕಿದ್ರು ಕಣೇ,” ಎಂದಿದ್ದ. ಅವಳು ತಿರುಗಿ ನೋಡಿದಳು. ಅತ್ತೆ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

“ಇಲ್ಲ ಅತ್ತೆ,” ಎಂದಳು ಸೊಸೆ. “ಇನ್ನೂ ಇಲ್ಲ.”