ಹನ್ನೊಂದನೆಯ ಪ್ರಶ್ನೆ

"ಒಂದೇ ಮರಿ ಸತ್ತಿದ್ದಾ? ಹೋದ ವರ್ಷ ಹದಿನೇಳು ಅಂದಿದ್ರಿ. ಸರಿಯಾಗಿ ನೆನಪು ಮಾಡ್ಕೊಳ್ಳಿ ಜಂಬಕ್ಕ."

"ಸತ್ತ ಮರಿ ಮರ್ತು ಹೋಗ್ತೈತೇನ್ರಿ? ಒಂದೇ ಒಂದು. ಅದೂ ನಾಯಿ ಹಿಡೀತು."

ಅರ್ಚನಾ ಪೆನ್ನು ಮುಚ್ಚಿ ಕುರಿಹಟ್ಟಿಯ ಮುಂದಿನ ಕಲ್ಲಿನ ಮೇಲೆ ಕುಸಿದು ಕೂತಳು. ಬೆಳಗಿನಿಂದ ಹಿರೇಹಡಗಲಿಯ ಇಪ್ಪತ್ತೆರಡು ಕುರಿಗಾರರ ಮನೆ ಸುತ್ತಿದ್ದಳು. ಎಲ್ಲಿ ಹೋದರೂ ಇದೇ ಶುಭಸುದ್ದಿ. ಈ ಶುಭಸುದ್ದಿ ಅವಳ ಪಿಎಚ್.ಡಿ.ಯನ್ನು ನುಂಗಿ ನೀರು ಕುಡಿಯುತ್ತಿತ್ತು.

ಅವಳ ಸಂಶೋಧನೆಯ ಲೆಕ್ಕ ಸರಳ: ತೆಲಿಗಿ ಎಂಬ ಊರಿನ ಮರಿಗಳಿಗೆ ಹೊಸ ಔಷಧಿ, ಹಿರೇಹಡಗಲಿಯ ಮರಿಗಳಿಗೆ ಏನೂ ಇಲ್ಲ. ಇಲ್ಲಿಗೆ ಆಗಾಗ ಬಂದು ಬರೀ ಪ್ರಶ್ನೆ ಕೇಳಿ ಹೋಗುವುದು. ಅಲ್ಲಿ ಮರಿಗಳು ಉಳಿಯಬೇಕು, ಇಲ್ಲಿ ಎಂದಿನಂತೆ ಸಾಯಬೇಕು; ಆಗಲೇ ಔಷಧಿಯ ಪರಿಣಾಮ ಇಷ್ಟು ಎಂದು ಬರೆಯಲು ಬರುವುದು. ತೆಲಿಗಿಯವು ಉಳಿದಿದ್ದವು. ಹಾಳಾದ್ದು, ಇಲ್ಲಿಯವೂ ಉಳಿದಿದ್ದವು.

"ಯಾರಾದ್ರೂ ಬಂದು ಔಷಧಿ ಕೊಟ್ರಾ?"

"ಇಲ್ಲಿಗಿ ಯಾರು ಬರ್ತಾರ್ರೀ? ನೀವೊಬ್ರ ಬಂದಿದ್ರಿ."

"ನಾನೇನೂ ಕೊಟ್ಟಿಲ್ಲ!"

"ಕೇಳಿದ್ರಲ್ರೀ. ಕುರಿ ಈದ ಮ್ಯಾಲ ಮೊದಲ ಹಾಲು ಮರಿಗಿ ಎಷ್ಟೊತ್ತಿಗಿ ಕುಡಸ್ತೀರಿ ಅಂತ. ಆ ದಪ್ಪ ಹಾಲು ಮರಿಗಿ ಅರಗಂಗಿಲ್ಲ ಅಂತ ನಾವು ನೆಲಕ್ಕ ಹಿಂಡಿ ಚೆಲ್ತಿದ್ವಿ. ನೀವು ಮೂರು ಸಲ ಬಂದ್ರಿ, ಮೂರೂ ಸಲ ಅದನ್ನ ಕೇಳಿದ್ರಿ. ಇಂಥಾ ಬಿಸಿಲಾಗ ಬಸ್ ಹತ್ತಿ ಬಂದು ಕೇಳ್ತಾಳಂದ್ರ ಏನೋ ಇರಬೇಕು ಅಂತ ಹೆಣ್ಮಕ್ಕಳೆಲ್ಲ ಮಾತಾಡ್ಕೊಂಡ್ವಿ. ಈದ ತಾಸಿನೊಳಗ ಕುಡಸಾಕ ಹತ್ತಿದ್ವಿ."

ಅರ್ಚನಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೊದಲ ಹಾಲಿನ ಆ ಹನ್ನೊಂದನೆಯ ಪ್ರಶ್ನೆ ಅವಳದೇ ಅಲ್ಲ. ಯಾರದೋ ಹಳೆಯ ಫಾರಂನಿಂದ ನಕಲು ಮಾಡಿ, ಪುಟ ತುಂಬಲಿ ಎಂದು ಸೇರಿಸಿದ್ದು. ಬಂದ ಉತ್ತರಗಳನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ.

"ನಾನು ಕೇಳಿದ್ದು ತಿಳ್ಕೊಳ್ಳೋದಕ್ಕೆ ಜಂಬಕ್ಕ, ನೀವು ಮಾಡಲಿ ಅಂತ ಅಲ್ಲ! ನನ್ನ ಮೂರು ವರ್ಷ ಮಣ್ಣುಪಾಲಾಯ್ತು!"

"ಅಂದ್ರ, ಸಾಯ್ಬೇಕಾಗಿತ್ತೇನ್ರಿ?"

ಅರ್ಚನಾ ಎದ್ದು ತನ್ನ ಗೈಡ್‌ಗೆ ಫೋನ್ ಮಾಡಲು ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿಗೆ ನಡೆದಳು. ತಾನೇನೋ ತಪ್ಪು ಮಾಡಿದೆನೆಂದು ಜಂಬಕ್ಕನೂ ಸೆರಗು ಸರಿಮಾಡಿಕೊಳ್ಳುತ್ತ ಹಿಂದೆಯೇ ಬಂದಳು.

ಗೈಡ್ ನಾಗೇಂದ್ರಪ್ಪನವರು ಪೂರ್ತಿ ಕೇಳುವ ಜಾಯಮಾನದವರಲ್ಲ. "ಪರಿಣಾಮದ ಅಧ್ಯಾಯದಲ್ಲಿ ಏನು ಬರೀತೀಯಮ್ಮ? ಪ್ರಶ್ನೆ ಕೇಳಿದೆ, ಮರಿ ಉಳಿದವು ಅಂತಾನಾ? ನಗ್ತಾರೆ. ಆ ಊರನ್ನ ತೆಗೆದುಹಾಕು. ಬೇರೆ ಊರು ಹಿಡಿ."

"ಸರ್, ಒಂದಿಡೀ ಊರಿನ ಮರಿಗಳು ಉಳಿದಿವೆ..."

"ಅದು ನಮ್ಮ ವಿಷಯ ಅಲ್ಲ," ಎಂದು ಅವರು ಫೋನಿಟ್ಟರು.

ಮೂರು ವರ್ಷ ಹೊತ್ತು ತಿರುಗಿದ ಫಾರಂಗಳ ಚೀಲವನ್ನು ಅಲ್ಲೇ ಚರಂಡಿಗೆ ಎಸೆಯಬೇಕೆನ್ನಿಸಿತು ಅರ್ಚನಾಗೆ.

"ಏನಂದ್ರು ನಿಮ್ಮ ಸಾಹೇಬ್ರು?"

"ಈ ಊರು ಬೇಡವಂತೆ," ಅರ್ಚನಾ ಸಿಡುಕಿದಳು. "ಮರಿ ಸಾಯೋ ಊರು ಹುಡುಕಬೇಕಂತೆ."

ಜಂಬಕ್ಕನ ಮುಖ ಅರಳಿತು. ಅರ್ಚನಾಳ ಕೈ ಹಿಡಿದು ಬಸ್ಸಿನ ಕಡೆಗೆ ಎಳೆದಳು.

"ಹಂಗಾರ ನನ್ನ ತವರಿಗಿ ಹೋಗ್ರಿ, ಉಚ್ಚಂಗಿದುರ್ಗಕ್ಕ. ನಮ್ಮಣ್ಣನ ಹಟ್ಟ್ಯಾಗ ದಿನಾ ಒಂದೊಂದು ಸಾಯಾಕ ಹತ್ತ್ಯಾವು. ನಾ ಹೇಳಿದ್ರ ಅವ ಕೇಳಂಗಿಲ್ಲ. ಲಗೂನ ಹೋಗಿ ಆ ಪ್ರಶ್ನಿ ಕೇಳಿಬಿಡ್ರಿ!"