ಅಳಿಸಿದರೂ ಮತ್ತೆ ಬರುವ ವಿರುಪಣ್ಣ

ಇಂದುಧರ ಲ್ಯಾಪ್‌ಟಾಪಿನಲ್ಲಿ ಆ ಹೆಸರನ್ನು ಮತ್ತೆ ಅಳಿಸಿದ... ಅದು ಮತ್ತೆ ಬಂತು.

ಎದುರಿಗೆ ಕೂತಿದ್ದ ನೀಲಗಂಗಮ್ಮ ತಮ್ಮ ಫೋನನ್ನು ಮುಂದೆ ಚಾಚಿದರು. "ಈಗೂ ಬಂತು ನೋಡ್ರಿ."

'ವಿರುಪಣ್ಣ ಅವರೇ, ರಕ್ತ ಕೊಡುವ ಸಮಯವಾಯಿತು. ಮಕ್ಕಳು ಕಾಯುತ್ತಿದ್ದಾರೆ.'

ವಿರುಪಣ್ಣ ಎಂದರೆ ನೀಲಗಂಗಮ್ಮನವರ ಗಂಡ... ತೀರಿಕೊಂಡು ವರ್ಷವಾಗಿತ್ತು. ದಾನಿಯಾಗಿ ಅವರು ಬರೆಸಿದ್ದು ಹೆಂಡತಿಯ ನಂಬರನ್ನೇ.

"ಇದು ಬಂದ ದಿನ ನಾ ಒಲಿ ಹಚ್ಚೂದಿಲ್ಲಪ್ಪಾ. ಸಾಕಾಗೇದ. ನಿಲ್ಲಸ್ರಿ ಇದನ್ನ."

ಪದೇ ಪದೇ ರಕ್ತ ಬೇಕಾಗುವ ಮಕ್ಕಳಿಗೆ ದಾನಿಗಳನ್ನು ಹುಡುಕಿಕೊಡುವ ಆ್ಯಪ್ ಇಂದುಧರನದು. ಹುಬ್ಬಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ, ಆರಿದ ಚಹಾ, ಉರಿಯುವ ಕಣ್ಣು...

ಪಕ್ಕದ ಮೇಜಿನಿಂದ ಜೊತೆಗೆ ಕೆಲಸ ಮಾಡುವ ಶಾಹೀನ ಚುಚ್ಚಿದಳು. "ರಿಲೇಷನಲ್ ಡೇಟಾಬೇಸ್ ಸಾಕು ಅಂತ ಅವತ್ತೇ ಬಡ್ಕೊಂಡೆ. ಸಾಹೇಬ್ರಿಗೆ ಆಬ್ಜೆಕ್ಟ್ ಡೇಟಾಬೇಸೇ ಬೇಕಾಗಿತ್ತು!"

"ಏನವು?" ನೀಲಗಂಗಮ್ಮ ಕೇಳಿದರು.

ಇಂದುಧರ ಕಣ್ಣುಜ್ಜಿಕೊಂಡ. "ಶಾಹೀನ ಹೇಳೂದ್ರಾಗ ಒಬ್ಬ ಮನುಷ್ಯನ್ನ ಒಂದೇ ಕಡೆ ಬರೀತೀವ್ರಿ. ಉಳಿದ ಕಡೆ ಬರೀ ಅವರ ನಂಬರ್. ಅಲ್ಲಿ ಅಳಿಸಿದ್ರ ಎಲ್ಲಾ ಕಡೆ ಅಳೀತದ."

"ಮತ್ತ ನಿಮ್ಮದು?"

"ನಂದ್ರಾಗ ಒಂದು ಮಗು ಅಂದ್ರ ಇಡೀ ಮಗು... ಅದರ ಔಷಧ, ಆಸ್ಪತ್ರಿ, ರಕ್ತ ಕೊಟ್ಟವರು ಎಲ್ಲಾ ಒಂದೇ ಗಂಟು. ಹುಡುಕೂದು ಬ್ಯಾಡ, ಲಗೂ ಸಿಗ್ತದ. ಕೊಟ್ಟವರ ಗುರುತಷ್ಟೇ ಇಡಬಹುದಿತ್ತು. ಅವಸರಕ್ಕ ನಾನು ಪ್ರತಿ ಮಗುವಿನೊಳಗೂ ಅವರ ನಕಲನ್ನೇ ಇಟ್ಟುಬಿಟ್ಟೆ. ಒಂದರಾಗ ಅಳಿಸಿದ್ರ ಇನ್ನೊಂದರಾಗ ಉಳೀತಾರ. ನನ್ನ ತಪ್ಪು."

ನೀಲಗಂಗಮ್ಮ ಪರದೆಯತ್ತ ಬಾಗಿದರು.

"ಅಂದ್ರ... ನಮ್ಮವರು ಆ ಮಕ್ಕಳೊಳಗ ಅದಾರ?"

ಶಾಹೀನಳ ಕೀಬೋರ್ಡ್ ಸದ್ದು ನಿಂತಿತು.

"ರಕ್ತ ಕೊಟ್ಟು ಬಂದ್ರ ಚುರುಮುರಿ ಗಿರ್ಮಿಟ್ ಮಾಡು ಅಂತ ಗಂಟು ಬೀಳ್ತಿದ್ರು," ನೀಲಗಂಗಮ್ಮ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. "ಯಾರಿಗೆ ಕೊಟ್ರಿ ಅಂದ್ರ, 'ನನಗೇನು ಗೊತ್ತು, ಚೀಲಕ್ಕ ಕೊಟ್ಟೆ' ಅಂತಿದ್ರು..."

ನಕ್ಕರು. ನಗು ಅರ್ಧಕ್ಕೇ ಒಡೆಯಿತು.

ಇಂದುಧರನಿಗೆ ಅವರ ಮುಖ ನೋಡಲಾಗಲಿಲ್ಲ. ಎಲ್ಲ ದಾಖಲೆಗಳನ್ನೂ ಶಾಹೀನ ಆಗಲೇ ರಿಲೇಷನಲ್ ಡೇಟಾಬೇಸ್‌ಗೆ ಸಾಗಿಸಿಟ್ಟಿದ್ದಳು, ಆ್ಯಪನ್ನು ಅದಕ್ಕೆ ಬದಲಿಸುವುದಷ್ಟೇ ಬಾಕಿ. ಅದನ್ನು ತೆರೆದು ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದ.

"ಇನ್ನ ತ್ರಾಸಿಲ್ರಿ ಅಮ್ಮಾರ. ಇದೊಂದು ಬಟನ್ ಒತ್ರಿ, ಎಲ್ಲಾ ಕಡೆಯಿಂದ ಹೋಗ್ತಾರ. ಮೆಸೇಜ್ ಎಂದೂ ಬರೂದಿಲ್ಲ."

"ಆ ಮಕ್ಕಳ ಕಡೆಯಿಂದನೂ?"

"ಹೌದ್ರಿ. ಎಲ್ಲಾ ಕಡೆಯಿಂದ."

ನೀಲಗಂಗಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ಒತ್ತೂದಿಲ್ಲ."

*

ಕೊಟ್ಟವರು ಹೋಗುತ್ತಾರೆ... ಪಡೆದವರೊಳಗೆ ಉಳಿಯುತ್ತಾರೆ.

ನಿಮ್ಮ ಹೆಸರನ್ನು ಎಲ್ಲ ಕಡೆ ಅಳಿಸಿದ ಮೇಲೂ... ಅದು ಯಾರೊಳಗಿಂದ ಮತ್ತೆ ಎದ್ದು ಬಂದೀತು?